ಸೊನ್ನೆಗಾಗಿ ಜಗಳವಾಡಿದ ಮೇಷ್ಟ್ರು

ಮೇಷ್ಟ್ರು ತೀರಿಕೊಂಡ ಮೇಲೆ ಶಾಲೆಯಲ್ಲಿ ಒಂದು ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಹಾರ ಹಾಕಿದ ಫೋಟೊ, ಬಾಡಿಗೆ ಕುರ್ಚಿ, ಕಿರುಚುವ ಮೈಕು. ಮಾತನಾಡಿದವರೆಲ್ಲ ಅದನ್ನೇ ತಿರುವಿ ತಿರುವಿ ಹೇಳಿದರು: ಅವರದು ಸದಾ ನಗುಮುಖ, ಅಷ್ಟು ದೊಡ್ಡ ಕಾಯಿಲೆಯನ್ನೂ ದೇವರ ಪ್ರಸಾದವೆಂದು ಸ್ವೀಕರಿಸಿದರು, ಯಾರ ಮನಸ್ಸನ್ನೂ ನೋಯಿಸಿದವರಲ್ಲ. ನಾನು ಹಿಂದಿನ ಸಾಲಿನಲ್ಲಿ ಕೂತು ಹಲ್ಲು ಕಚ್ಚಿಕೊಂಡು ಕೇಳಿದೆ. ಸತ್ತವರ ಬಗ್ಗೆ ಒಳ್ಳೆಯದು ಹೇಳಬೇಕು, ಸರಿ. ಸುಳ್ಳು ಯಾಕೆ ಹೇಳಬೇಕು?

ಕೊನೆಯ ವರ್ಷಗಳಲ್ಲಿ ಅವರ ಮುಖದಲ್ಲಿ ನಗು ಕಾಣುತ್ತಲೇ ಇರಲಿಲ್ಲ. ಅವರಿಗಿದ್ದದ್ದು ಪಾರ್ಕಿನ್ಸನ್ ಕಾಯಿಲೆ. ಅದು ಕೈ ನಡುಗಿಸುತ್ತದೆ ಎಂಬುದಷ್ಟೇ ಜನಕ್ಕೆ ಗೊತ್ತು. ಅದು ಮೈಯನ್ನು ಬಿಗಿಯುತ್ತದೆ, ಹೆಜ್ಜೆಯನ್ನು ಗಿಡ್ಡ ಮಾಡುತ್ತದೆ, ದನಿಯನ್ನು ತಗ್ಗಿಸುತ್ತದೆ, ಮುಖದ ಸ್ನಾಯುಗಳನ್ನೂ ಹಿಡಿದುಬಿಡುತ್ತದೆ. ಒಳಗೆ ನಗು ಬಂದರೂ ಹೊರಗೆ ತಲುಪುವುದಿಲ್ಲ. ಕಾಯಿಲೆ ಎಷ್ಟು ಬಲಿತಿದೆ ಎಂದು ಅಳೆಯಲು ಆಸ್ಪತ್ರೆಗಳಲ್ಲಿ ಒಂದು ಅಂಕಪಟ್ಟಿ ಬಳಸುತ್ತೇವೆ. ಬೆರಳಿಗೊಂದು ಅಂಕ, ಕಾಲಿಗೊಂದು, ನಡಿಗೆಗೊಂದು, ಮುಖಭಾವಕ್ಕೂ ಒಂದು. ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಅವರ ಮುಖಕ್ಕೆ ಅಂಕ ಕೊಟ್ಟವಳು ನಾನೇ, ಅದು ನಗುಮುಖದ ಅಂಕವಲ್ಲ. ಇನ್ನು ಸ್ವೀಕರಿಸಿದ ಮಾತು. ಆ ಕಾಯಿಲೆಯನ್ನು ಅವರು ಒಂದು ದಿನವೂ ಸ್ವೀಕರಿಸಲಿಲ್ಲ. ಅದರ ಜೊತೆ, ಅದಕ್ಕೆ ಔಷಧ ಕೊಟ್ಟವರ ಜೊತೆ, ಅದನ್ನು ಅಳೆದ ನನ್ನ ಜೊತೆ ಜಗಳವಾಡಿದರು. ಮನಸ್ಸು ನೋಯಿಸದ ವಿಷಯ ಬಿಟ್ಟುಬಿಡಿ, ಆ ವೇದಿಕೆಯ ಮೇಲೆ ಅವರಿಂದ ಬೈಸಿಕೊಳ್ಳದೆ ಉಳಿದಿದ್ದದ್ದು ಮೈಕು ಒಂದೇ.

ಹಾಗಾಗಿ ನಾನು ಕಂಡ ಮೇಷ್ಟ್ರನ್ನು ನಾನೇ ಬರೆಯುತ್ತಿದ್ದೇನೆ. ಬೇಜಾರಾಗುವವರು ಬೇಜಾರಾಗಲಿ.

ದೇವನಹಳ್ಳಿ ಪಕ್ಕದ ಸರ್ಕಾರಿ ಹೈಸ್ಕೂಲಿನಲ್ಲಿ ಅವರು ದೈಹಿಕ ಶಿಕ್ಷಣ ಶಿಕ್ಷಕರು. ನಮ್ಮ ಬಾಯಲ್ಲಿ ಡ್ರಿಲ್ ಮೇಷ್ಟ್ರು. ನಾನು ಆವತಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ. ಮೇಷ್ಟ್ರು ಕುಳ್ಳಗೆ ಗಟ್ಟಿಯಾದ ಆಳು, ಬೋಳುತಲೆ, ಕುತ್ತಿಗೆಯಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಸೀಟಿ. ಹರೆಯದಲ್ಲಿ ಊರಿನ ಕಬಡ್ಡಿ ತಂಡಕ್ಕೆ ಆಡಿದವರು. ನುಗ್ಗಿ ಬರುವವನನ್ನು ಕಾಲೂರಿ ನಿಂತು ಹಿಡಿಯುವುದು ಅವರ ಪಾಲಿನ ಕೆಲಸ. ಅವರು ಹಿಡಿದರೆ ಬಿಡಿಸಿಕೊಂಡು ಹೋದವರಿಲ್ಲ ಎಂದು ಊರವರು ಹೇಳುತ್ತಿದ್ದರು. ಅವರೂ ಹೇಳಿಕೊಳ್ಳುತ್ತಿದ್ದರು, ಸಂಕೋಚವೇನೂ ಇರಲಿಲ್ಲ.

ಅವರು ಹುಡುಗಿಯರ ಕಬಡ್ಡಿ ತಂಡ ಕಟ್ಟಿದಾಗ ಅಪ್ಪಂದಿರ ಒಂದು ಗುಂಪು ಶಾಲೆಗೆ ಬಂತು. ನಮ್ಮಪ್ಪನೂ ಇದ್ದರು.

"ಹೆಣ್ ಮಕ್ಳು ಮಣ್ಣಲ್ಲಿ ಬಿದ್ದು ಉರುಳಾಡೋದು ಏನ್ ಚೆಂದ ಮೇಷ್ಟ್ರೇ?" ಅಂದರು ಯಾರೋ.

"ದ್ರಾಕ್ಷಿ ತೋಟದಲ್ಲಿ ಅದೇ ಹೆಣ್ ಮಕ್ಳ ತಲೆ ಮೇಲೆ ಗೊಬ್ಬರ ಹೊರಸ್ತೀರಲ್ಲ, ಅದು ಚೆಂದವಾ? ಅಲ್ಲಿ ಬಗ್ಗಿದ್ರೆ ಸರಿ, ಇಲ್ಲಿ ಬಗ್ಗಿದ್ರೆ ಮಾನ ಹೋಯ್ತಾ? ನಡೀರಿ ನಡೀರಿ, ಗೆರೆ ತುಳೀಬೇಡಿ."

ಅಪ್ಪ ದಾರಿಯುದ್ದಕ್ಕೂ ಗೊಣಗಿಕೊಂಡು ಹೋದರು. ನನ್ನನ್ನು ತಂಡದಿಂದ ಬಿಡಿಸಲಿಲ್ಲ.

ಆ ಮೇಷ್ಟ್ರ ಮೇಲೆ ನನಗೆ ಪ್ರೀತಿ ಮಾತ್ರವೇ ಇತ್ತು ಎಂದುಕೊಳ್ಳಬೇಡಿ. ತಾಲ್ಲೂಕು ಮಟ್ಟದ ಫೈನಲ್ಲಿನಲ್ಲಿ ಅಂಪೈರು ಬಾರದೆ ಅವರನ್ನೇ ನಿಲ್ಲಿಸಿದ್ದರು. ಕೊನೆಯ ರೇಡಿನಲ್ಲಿ ನಾನು ಎದುರಾಳಿಯನ್ನು ಮುಟ್ಟಿ ಓಡಿ ಬಂದೆ, ನಮ್ಮ ಹುಡುಗಿಯರು ಕೂಗಿ ಕುಣಿದರು. ಮೇಷ್ಟ್ರು ಸೀಟಿ ಊದಿ ನನ್ನನ್ನೇ ಔಟ್ ಮಾಡಿದರು. ನನ್ನ ಹೆಬ್ಬೆರಳು ಪಕ್ಕದ ಗೆರೆಯ ಆಚೆ ಹೋಗಿತ್ತಂತೆ. ಸ್ವಂತ ಶಾಲೆ ಸೋತಿತು. ನಾನು ಅತ್ತು ರಂಪ ಮಾಡಿ, "ನೀವು ನಮ್ ಕಡೆಯೋರಲ್ವಾ ಸಾ?" ಎಂದೆ.

"ಸೀಟಿ ಬಾಯಲ್ಲಿದ್ರೆ ನಾನು ಯಾರ ಕಡೆಯೋನೂ ಅಲ್ಲ. ಕಂಡಿದ್ದಕ್ಕೆ ಊದ್ತೀನಿ. ಕಣ್ಣೊರ್ಸ್ಕೊಂಡು ಹೋಗಿ ಬಸ್ ಹತ್ತು."

ಆಮೇಲೆ ವಿಮಾನ ನಿಲ್ದಾಣ ಬಂತು. ಮೊದಲು ಅಳತೆಯವರು ಬಂದರು, ಆಮೇಲೆ ಪರಿಹಾರದ ಚೆಕ್ಕು, ಆಮೇಲೆ ಮಣ್ಣು ಅಗೆಯುವ ಯಂತ್ರಗಳು. ಹತ್ತನೇ ಕ್ಲಾಸಿನ ಹುಡುಗರು ಹೊಸ ಬೈಕುಗಳಲ್ಲಿ ಶಾಲೆಗೆ ಬರತೊಡಗಿದರು. ಮೇಷ್ಟ್ರು ಗೇಟಿನಲ್ಲಿ ನಿಂತು ಕೀ ಕಿತ್ತುಕೊಂಡು ಮೈದಾನದ ಸುತ್ತ ಓಡಿಸುತ್ತಿದ್ದರು. "ಗಾಡಿ ನಿಮ್ಮಪ್ಪಂದು, ಕಾಲು ನಿಂದು. ಯಾವುದು ಕೆಟ್ಟೋಗುತ್ತೋ ಅದನ್ನ ಮೊದ್ಲು ನೋಡ್ಕೋ" ಎನ್ನುತ್ತಿದ್ದರು.

ಶಾಲೆಯ ಮೈದಾನ ಹೆದ್ದಾರಿಗೆ ಹತ್ತಿರ. ಅದರ ಮೇಲೆ ಎಲ್ಲರ ಕಣ್ಣು. ಮೊದಲು ಜಲ್ಲಿ ಲಾರಿಗಳು ಬಂದು ನಿಲ್ಲುತ್ತಿದ್ದವು, ನಿಲ್ದಾಣ ಶುರುವಾದ ಮೇಲೆ ಟ್ಯಾಕ್ಸಿಗಳು. ಬೇಲಿಗೆ ಇಲಾಖೆಯಲ್ಲಿ ದುಡ್ಡಿರಲಿಲ್ಲ. ಮೇಷ್ಟ್ರು ದಿನಾ ಬೆಳಿಗ್ಗೆ ಸುಣ್ಣದ ಪುಡಿ ತಂದು ಕಬಡ್ಡಿ ಅಂಕಣದ ಗೆರೆ ಎಳೆಯುತ್ತಿದ್ದರು. ಆಟವಿರಲಿ, ಇಲ್ಲದಿರಲಿ, ಭಾನುವಾರವೂ ಸಹ. ಒಮ್ಮೆ ಲಾರಿಯೊಂದು ಗೆರೆಯ ಮೇಲೆ ಚಕ್ರ ಹತ್ತಿಸಿತು. ಇವರು ಓಡಿಹೋಗಿ ಸೀಟಿ ಊದಿ, ಕೈಯೆತ್ತಿ, "ಔಟ್! ಇಳಿ ಕೆಳಗೆ!" ಎಂದು ಕೂಗಿದರು. ತಮಿಳು ಕಡೆಯ ಡ್ರೈವರು ಏನಾಯಿತೋ ಎಂದು ಹೆದರಿ ನಿಜವಾಗಿಯೂ ಇಳಿದುಬಿಟ್ಟ. ಅವನ ಕೈಯಿಂದಲೇ ಅಳಿಸಿದ ಗೆರೆ ಹಾಕಿಸಿ ಕಳಿಸಿದರು. ಅಲ್ಲಿನ ಒಬ್ಬ ಪುಢಾರಿ, "ಬರೀ ಖಾಲಿ ಜಾಗ ಸ್ವಾಮಿ ಅದು, ಯಾಕೆ ಒದ್ದಾಡ್ತೀರಿ?" ಎಂದಾಗ, "ಗೆರೆ ಇರೋವರ್ಗೂ ಮೈದಾನ. ಗೆರೆ ಹಾಕೋನು ಹೋದ್ ದಿನ ಖಾಲಿ ಜಾಗ" ಎಂದಿದ್ದರು.

ಕಾಯಿಲೆಯ ಸುಳಿವು ಸಿಕ್ಕಿದ ಬಗೆ ಹೇಳಬೇಕು. ನಾನು ಆಗ ಓದು ಮುಗಿಸಿ ಕೆಲಸಕ್ಕೆ ಸೇರಿದ್ದೆ. ಸ್ವಾತಂತ್ರ್ಯ ದಿನಾಚರಣೆಗೆ ರಜೆಯಲ್ಲಿ ಊರಿಗೆ ಬಂದವಳು ತಾಲ್ಲೂಕಿನ ಪಥಸಂಚಲನ ನೋಡಲು ಹೋಗಿದ್ದೆ. ನಮ್ಮ ಶಾಲೆಯ ತುಕಡಿ ಬಂತು. ಹೆಜ್ಜೆಯೆಲ್ಲ ಒಂದೇ ಸಮ, ಬಲಗೈಗಳೆಲ್ಲ ಭುಜದೆತ್ತರಕ್ಕೆ ಚಿಮ್ಮುತ್ತಿದ್ದವು. ಎಡಗೈ ಮಾತ್ರ ಒಬ್ಬರದೂ ಅಲುಗುತ್ತಿರಲಿಲ್ಲ. ಸ್ವಲ್ಪ ಮಡಚಿ ಪಕ್ಕೆಗೆ ಒತ್ತಿಕೊಂಡಿದ್ದವು. ಸಾಲಿಗೆ ಸಾಲೇ ಹಾಗೆ. ನನ್ನ ಪಕ್ಕದಲ್ಲಿದ್ದವರು, "ಏನೋ ಹೊಸ ಸ್ಟೈಲು ಹೇಳ್ಕೊಟ್ಟವ್ರೆ" ಎಂದು ಚಪ್ಪಾಳೆ ತಟ್ಟಿದರು.

ನಾನು ತುಕಡಿಯ ಪಕ್ಕದಲ್ಲಿ ನಡೆಯುತ್ತಿದ್ದ ಮೇಷ್ಟ್ರನ್ನು ನೋಡಿದೆ. ಅವರ ಎಡಗೈಯೂ ಹಾಗೆಯೇ ಇತ್ತು. ನಡೆಯುವಾಗ ಒಂದು ಕೈ ಬೀಸುವುದನ್ನು ನಿಲ್ಲಿಸುವುದು ಈ ಕಾಯಿಲೆಯ ಮೊದಲ ಗುರುತುಗಳಲ್ಲಿ ಒಂದು. ಕಾಯಿಲೆ ಇರುವವರಿಗೇ ಅದು ಗೊತ್ತಾಗುವುದಿಲ್ಲ. ಮೇಷ್ಟ್ರು ಮುಂದೆ ನಡೆದು ತೋರಿಸಿದ್ದನ್ನು ಮಕ್ಕಳು ಇದ್ದದ್ದು ಇದ್ದ ಹಾಗೆ ಕಲಿತಿದ್ದರು. ಕೈ ಬೀಸದ ಹುಡುಗರ ಮೊಣಕೈಗೆ ಬೆತ್ತದಲ್ಲಿ ಬಡಿಯುತ್ತಿದ್ದ ಮನುಷ್ಯ!

ಕಾರ್ಯಕ್ರಮ ಮುಗಿದ ಮೇಲೆ ಹೋಗಿ ಹೇಳಿದೆ. ಮೊದಲು ಭುಜಕ್ಕೆ ಶೀತ ಹಿಡಿದಿದೆ ಎಂದರು, ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದೇನೆ ಎಂದರು, ನಿನ್ನ ವಿದ್ಯೆ ನಿನ್ನ ಆಸ್ಪತ್ರೆಯಲ್ಲಿಟ್ಟುಕೋ ಎಂದರು. ಮಕ್ಕಳ ಎಡಗೈ ವಿಷಯ ಹೇಳಿದಾಗ ಲಡ್ಡು ತಿನ್ನುತ್ತಾ ನಿಂತಿದ್ದ ತಮ್ಮ ಹುಡುಗರ ಕಡೆ ತಿರುಗಿ ನೋಡಿದರು.

"ಮಕ್ಳಿಗೆ ಅಂಟಿಸ್ಬಿಟ್ನಾ?" ಎಂದರು ಸಣ್ಣಗೆ.

"ಇಲ್ಲ ಸಾ, ಅದು ಅಂಟೋ ಕಾಯಿಲೆ ಅಲ್ಲ. ನಿಮ್ಮನ್ನ ನೋಡಿ ಕಲ್ತಿದಾರೆ ಅಷ್ಟೆ."

"ಎರಡೂ ಒಂದೇ ಕಣಮ್ಮ. ಯಾವತ್ತು ಬರ್ಬೇಕು ಹೇಳು."

ಆಸ್ಪತ್ರೆಗೆ ಬಂದದ್ದೇನೋ ಬಂದರು, ಬಂದ ಮೇಲೆ ನಮಗೆ ನೆಮ್ಮದಿ ಇರಲಿಲ್ಲ. ನಮ್ಮ ಅಂಕಪಟ್ಟಿಯಲ್ಲಿ ಪ್ರತಿ ಚಲನೆಗೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಸೊನ್ನೆ ಎಂದರೆ ಏನೂ ತೊಂದರೆಯಿಲ್ಲ, ನಾಲ್ಕೆಂದರೆ ಆಗುವುದೇ ಇಲ್ಲ. ಇದನ್ನು ವಿವರಿಸಿದಾಗ ಅವರು ನನ್ನನ್ನು ಕೆಕ್ಕರಿಸಿ ನೋಡಿದರು.

"ಸೊನ್ನೆ ತಗೊಂಡೋನು ಗೆದ್ದಂಗಾ?"

"ಹೂಂ ಸಾ."

"ಯಾವ ಸೀಮೆ ಆಟ ಇದು? ಸೊನ್ನೆ ತಗೊಂಡ್ ಬಂದೋರ್ಗೆ ಬಾರ್ಸಿ ಬಾರ್ಸಿ ನನ್ ಕೈ ಸವೆದೋಗಿದೆ. ಈಗ ನಾನೇ ಸೊನ್ನೆ ತಗೋಬೇಕಾ? ಸರಿ, ಕೊಡ್ಸು. ಎಷ್ಟು ಸೊನ್ನೆ ಬೇಕು ನಿಂಗೆ?"

ಅಂದಿನಿಂದ ಸೊನ್ನೆಯ ಹಿಂದೆ ಬಿದ್ದರು. ಹೆಬ್ಬೆರಳಿಗೆ ತೋರುಬೆರಳನ್ನು ದೊಡ್ಡದಾಗಿ ತೆರೆದು, ಬೇಗ ಬೇಗ ಬಡಿಯಬೇಕು ಎನ್ನುವುದು ಒಂದು ಪರೀಕ್ಷೆ. ಮನೆಯಲ್ಲಿ, ಬಸ್ಸಿನಲ್ಲಿ, ಊಟಕ್ಕೆ ಕೂತಾಗ ಎಡಗೈಯಲ್ಲಿ ಅದನ್ನೇ ಅಭ್ಯಾಸ ಮಾಡುತ್ತಿದ್ದರಂತೆ. ಅದು ರೋಗವನ್ನು ಅಳೆಯುವ ಪರೀಕ್ಷೆ, ತಯಾರಿ ಮಾಡಿಕೊಂಡು ಬಂದು ಪಾಸಾಗುವಂಥದ್ದಲ್ಲ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ತಯಾರಿ ಇಲ್ಲದೆ ಕಣಕ್ಕೆ ಇಳಿಯುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಮುಂದಿನ ಸಲ ಬಂದಾಗ ಮೊದಮೊದಲ ಬಡಿತಗಳು ಚೆನ್ನಾಗಿ ಬಂದವು, ಆಮೇಲೆ ಬೆರಳು ತೆರೆಯುವುದು ಸಣ್ಣದಾಗುತ್ತಾ ಹೋಗಿ ನಿಂತೇಹೋಯಿತು. ನಾನು ಎರಡು ಬರೆದೆ.

"ಮೊದ್ಲು ಚೆನ್ನಾಗ್ ಬಂತಲ್ಲ? ಅದಕ್ಕೆ ಕೊಡು."

"ಕೊನೆವರ್ಗೂ ನೋಡಿ ಕೊಡ್ಬೇಕು ಸಾ."

ಜಗಳಕ್ಕೆ ಬಾಯಿ ತೆರೆದವರು ಹಾಗೆಯೇ ಮುಚ್ಚಿದರು. "ಹೂಂ. ಅದು ನ್ಯಾಯ."

ಇನ್ನೊಂದು ಸಲ ಬಂದವರು ಎದ್ದು ಕೂತು ಓಡಾಡಿ ನಮಗೆಲ್ಲ ಆಶ್ಚರ್ಯ ಹುಟ್ಟಿಸಿದರು. ಈ ಕಾಯಿಲೆಯ ಮಾತ್ರೆ ಕೆಲಸ ಮಾಡುವ ಹೊತ್ತಿನಲ್ಲಿ ಮೈ ಸಡಿಲವಾಗುತ್ತದೆ, ಅದರ ಬಲ ಇಳಿದ ಮೇಲೆ ಮತ್ತೆ ಬಿಗಿಯುತ್ತದೆ. ವಿಚಾರಿಸಿದರೆ, ಬಸ್ ಇಳಿಯುವ ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿ ಬಂದಿದ್ದರು. "ಆಟಕ್ಕೆ ಮುಂಚೆ ಗ್ಲೂಕೋಸ್ ತಿನ್ನಲ್ವಾ? ಅದೇನ್ ಕಳ್ಳತನವಾ?" ಎಂದರು. ನಮ್ಮ ಡಾಕ್ಟರು ನಕ್ಕು, ಮಾತ್ರೆಯ ಬಲ ಇಳಿಯುವವರೆಗೆ ಕೂರಿಸಿ, ಇನ್ನೊಮ್ಮೆ ಅಳೆಯಲು ನನಗೆ ಹೇಳಿದರು. ಎರಡೂ ಅಂಕಗಳನ್ನು ತೋರಿಸಿದೆ. ಒಂದಕ್ಕೊಂದು ಸಂಬಂಧವೇ ಇರಲಿಲ್ಲ.

"ಇವೆರಡ್ರಲ್ಲಿ ಯಾವೋನು ನಾನು?" ಎಂದು ಕೇಳಿದರು.

"ಇಬ್ರೂ ನೀವೇ ಸಾ."

"ಹಂಗಾದ್ರೆ ಇಬ್ರೂ ಹಾಜರ್ ಅಂತ ಬರ್ಕೋ."

ಹೀಗೆ ಕೆಲವು ವರ್ಷ ನಡೆಯಿತು. ಅವರ ಮೇಲಿನ ಗೌರವದಿಂದಲೂ ನಾನು ಅಂಕ ಇಳಿಸಲಿಲ್ಲ, ಜಗಳಕ್ಕೆ ಹೆದರಿಯೂ ಇಳಿಸಲಿಲ್ಲ. ಪಟ್ಟಿಯ ಮೊತ್ತ ಏರುತ್ತಲೇ ಹೋಯಿತು. ಈ ಕಾಯಿಲೆಯಲ್ಲಿ ಅದು ಏರುವುದೇ.

ನಿವೃತ್ತಿಗೆ ಇನ್ನೊಂದು ವರ್ಷವಿದ್ದಾಗ ಅವರು ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರ ಎದುರು ಹಿಂದಕ್ಕೆ ಬಿದ್ದರು. ತಲೆಗೆ ಪೆಟ್ಟಾಗಲಿಲ್ಲ, ಆದರೆ ಹೆಡ್ಮಾಸ್ಟರು ಹೆದರಿದರು. ಅವರನ್ನು ದೂರುವುದಿಲ್ಲ, ಹೆದರುವುದು ಸಹಜ. ಅವರು ಇಲಾಖೆಗೆ ಬರೆದರು. ಮೈದಾನದ ಕೆಲಸಕ್ಕೆ ಇವರು ಯೋಗ್ಯರೇ ಎಂದು ವೈದ್ಯಕೀಯ ಮಂಡಳಿ ಹೇಳಬೇಕು, ಅಲ್ಲವೆಂದರೆ ತಾಲ್ಲೂಕು ಕಚೇರಿಯಲ್ಲಿ ಒಂದು ಮೇಜು. ಸಂಬಳ ಕಡಿಮೆಯಾಗುವುದಿಲ್ಲ. ಊರವರೆಲ್ಲ, "ಫ್ಯಾನ್ ಕೆಳಗೆ ಕೂತ್ಕೊಂಡು ಸಂಬಳ ತಗೊಳ್ಳೋಕೆ ಪುಣ್ಯ ಮಾಡಿರ್ಬೇಕು" ಎಂದರು. ಮೈದಾನದ ಆಚೆ ಟ್ಯಾಕ್ಸಿ ನಿಲ್ಲಿಸುವವರು ಆಗಲೇ ಜಾಗ ನೋಡಿಕೊಂಡು ಹೋಗಿದ್ದರು. ಹೊಸ ಡ್ರಿಲ್ ಮೇಷ್ಟ್ರು ಬರುವುದು ಯಾವ ಕಾಲಕ್ಕೋ. ಅಲ್ಲಿಯವರೆಗೆ ಗೆರೆ ಎಳೆಯುವವರು ಯಾರು? ಒಂದು ಮಳೆಗಾಲ ಗೆರೆ ಬೀಳದಿದ್ದರೆ ಸಾಕಿತ್ತು, ಆ ಮೈದಾನ ವಾಪಸು ಸಿಗುತ್ತಿರಲಿಲ್ಲ. ಇದು ಮೇಷ್ಟ್ರಿಗೂ ಗೊತ್ತಿತ್ತು, ಟ್ಯಾಕ್ಸಿಯವರಿಗೂ ಗೊತ್ತಿತ್ತು.

ಮಂಡಳಿಗೆ ನಮ್ಮ ಆಸ್ಪತ್ರೆಯ ವರದಿ ಬೇಕಿತ್ತು. ಪಟ್ಟಿಯ ಎಲ್ಲ ಪರೀಕ್ಷೆಗಳಲ್ಲಿ ಆ ಸಲ ಮುಖ್ಯವಾದದ್ದು ಒಂದೇ, ಹಿಂದಿನಿಂದ ಎಳೆಯುವ ಪರೀಕ್ಷೆ. ರೋಗಿಯ ಬೆನ್ನ ಹಿಂದೆ ನಿಂತು, ಮೊದಲೇ ತಿಳಿಸಿ, ಭುಜ ಹಿಡಿದು ಹಿಂದಕ್ಕೆ ಜಗ್ಗುತ್ತೇವೆ. ಒಂದೆರಡು ಹೆಜ್ಜೆ ಹಿಂದಿಟ್ಟು ಸಾವರಿಸಿಕೊಂಡರೆ ಸೊನ್ನೆ. ಹೆಜ್ಜೆ ಜಾಸ್ತಿಯಾದಷ್ಟೂ ಅಂಕ ಜಾಸ್ತಿ. ಮೂರು ಎಂಬ ಅಂಕದ ಎದುರು ಬರೆದಿರುವುದು ಇಷ್ಟು: ನಿಲ್ಲಬಲ್ಲರು, ಆದರೆ ಎಳೆದಾಗ ಹಿಡಿಯದಿದ್ದರೆ ಬೀಳುತ್ತಾರೆ.

"ಸಾ, ನಾನು ಎಳೀತೀನಿ. ನೀವು ಹಿಂದಕ್ಕೆ ಹೆಜ್ಜೆ ಇಡಬಹುದು, ತಪ್ಪಿಲ್ಲ."

"ನೀನು ಎಳಿ."

ಎಳೆದೆ. ಮೇಷ್ಟ್ರು ಹೆಜ್ಜೆ ಇಡಲಿಲ್ಲ. ಕಬಡ್ಡಿ ಅಂಕಣದಲ್ಲಿ ನಿಂತ ಹಾಗೆ ಎರಡೂ ಕಾಲೂರಿ ನಿಂತರು, ಕಡಿದ ಮರದ ಹಾಗೆ ಇಡೀ ಮೈ ನನ್ನ ಮೇಲೆ ಬಂತು. ನಾನೂ ಡಾಕ್ಟರೂ ಸೇರಿ ಹಿಡಿದೆವು.

"ಯಾಕ್ ಸಾ ಹೆಜ್ಜೆ ಇಡ್ಲಿಲ್ಲ?"

"ಎಳೆದ್ರೆ ಹಿಂದಕ್ಕೆ ಹೋಗೋನು ನಾನಲ್ಲ."

ಮತ್ತೆ ಎಳೆದೆ, ಮತ್ತೆ ಅದೇ. ನಾನು ಮೂರು ಬರೆದೆ. ಅವರು ಅಂಕ ಕೇಳಿದರು, ಹೇಳಿದೆ.

"ಕಂಡಿದ್ದು ಬರೆದ್ಯಾ?"

"ಹೂಂ ಸಾ."

"ಸರಿ ಬಿಡು" ಎಂದು ಚಪ್ಪಲಿ ಹುಡುಕತೊಡಗಿದರು.

ಅವರ ಹೆಂಡತಿ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಹೊರಗಿನ ಬೆಂಚಿನ ಮೇಲಿಂದಲೇ ನನ್ನನ್ನು ಹಿಡಿದುಕೊಂಡರು. "ಏನಮ್ಮಾ, ಆಟ ಮುಗಿಸ್ಕೊಂಡ್ ಬಂದು ನಮ್ಮನೆ ಊಟ ಮಾಡ್ಕೊಂಡ್ ಬೆಳೆದೋಳು ನೀನು. ಒಂದು ಅಂಕಿ ತಿದ್ದಕ್ಕಾಗ್ಲಿಲ್ವಾ ನಿನ್ ಕೈಲಿ?" ಅವರು ಅಳುತ್ತಿದ್ದರು. ನನಗೂ ಅಳು ಬಂತು, ಆದರೆ ತಿದ್ದಲಿಲ್ಲ. ತಿದ್ದಬೇಕಿತ್ತೆಂದು ಇವತ್ತಿಗೂ ನನಗೆ ಅನ್ನಿಸಿಲ್ಲ. ಸುಳ್ಳು ಸೊನ್ನೆ ಬರೆದು ಕಳಿಸಿದ್ದರೆ ಆ ಮನುಷ್ಯ ನನ್ನ ಮುಖಕ್ಕೆ ಉಗಿಯುತ್ತಿದ್ದರು.

ಬದಲಿಗೆ ಮುಂದಿನ ಭಾನುವಾರ ಮೈದಾನಕ್ಕೆ ಹೋದೆ. ಹಿಂದಕ್ಕೆ ಹೆಜ್ಜೆ ಇಡುವುದನ್ನು ಕಲಿಸಬಹುದು, ಅದು ನನ್ನ ಕೆಲಸವೇ. ಅವರು ಒಪ್ಪಲಿಲ್ಲ. ಹಿಂದೆ ಸರಿಯುವುದು ಸೋಲು ಎಂದು ಹಟ. ನನಗೂ ಸಿಟ್ಟು ಬಂತು.

"ಸಾ, ರೇಡಿಗೆ ಹೋದೋಳು ಎದುರಾಳೀನ ಮುಟ್ಟಿ ಅಲ್ಲೇ ನಿಂತ್ರೆ ಪಾಯಿಂಟ್ ಬರುತ್ತಾ? ಹಿಂದಕ್ಕೆ ಓಡಿ ಬಂದು ಗೆರೆ ದಾಟಿದ್ರೆ ತಾನೆ? ಹಿಂದಕ್ಕೆ ಬರೋದನ್ನ ನಮಗೆ ಹೇಳ್ಕೊಟ್ಟೋರು ಯಾರು?"

ಅವರು ಸುಣ್ಣದ ಗೆರೆಗೆ ಬೆನ್ನು ಹಾಕಿ ನಿಂತರು. "ಅದು ಸರಿ" ಎಂದರು. "ಎಳಿ."

ಆವತ್ತು ಮನಸ್ಸು ಒಪ್ಪಿತು, ಕಾಲು ಒಪ್ಪಲಿಲ್ಲ. ಎಳೆದಾಗಲೆಲ್ಲ ಹಿಮ್ಮಡಿ ಎತ್ತಲು ನೋಡುತ್ತಿದ್ದರು, ನೆಲ ಬಿಡುತ್ತಿರಲಿಲ್ಲ. ಅಷ್ಟು ದಿನ ಹಟ ಎಂದುಕೊಂಡದ್ದರಲ್ಲಿ ಹಟ ಎಷ್ಟು, ಕಾಯಿಲೆ ಎಷ್ಟು ಎಂದು ಅವರಿಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ನಾನು ಹಿಡಿದು ಹಿಡಿದು ಸುಸ್ತಾಗಿ ಒಮ್ಮೆ ಇಬ್ಬರೂ ಮಣ್ಣಿನಲ್ಲಿ ಕೂತುಬಿಟ್ಟೆವು. ಮೇಲೊಂದು ವಿಮಾನ ಇಳಿಯುತ್ತಾ ಹೋಯಿತು, ಅದರ ಸದ್ದಿನಲ್ಲಿ ಅವರು ಏನೋ ಬೈದರು, ಕೇಳಿಸಲಿಲ್ಲ.

ಮೈದಾನದ ಪಕ್ಕದ ಟೀ ಅಂಗಡಿಯಿಂದ ಇದನ್ನೆಲ್ಲ ನೋಡುತ್ತಿದ್ದವರು ಪಿಳ್ಳಪ್ಪ ಮತ್ತು ಅವರ ಜೊತೆಯವರು. ಎಲ್ಲರೂ ಮೇಷ್ಟ್ರ ಹಳೆಯ ಕಬಡ್ಡಿ ತಂಡದವರು. ಜಮೀನು ವಿಮಾನ ನಿಲ್ದಾಣಕ್ಕೆ ಹೋಗಿತ್ತು, ಪರಿಹಾರ ಬ್ಯಾಂಕಿನಲ್ಲಿತ್ತು, ಬೆಳಗಾದರೆ ಹೋಗಲು ಹೊಲವಿರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದು ಮಧ್ಯಾಹ್ನದವರೆಗೂ ಆ ಅಂಗಡಿಯ ಬೆಂಚು ಸವೆಸುತ್ತಿದ್ದರು. ಪಿಳ್ಳಪ್ಪ ಗ್ಲಾಸು ಇಟ್ಟು ಎದ್ದು ಬಂದರು.

"ಏನ್ಲಾ, ಹೆಣ್ ಹುಡ್ಗಿ ಕೈಲಿ ಮಣ್ ಮುಕ್ತಿದೀಯಾ?"

"ನೀನ್ ಬಂದು ಎಳಿ, ಗೊತ್ತಾಗುತ್ತೆ" ಎಂದರು ಮೇಷ್ಟ್ರು ಕೂತಲ್ಲಿಂದಲೇ.

"ಎಳೆಯೋ ಕೆಲ್ಸ ಬ್ಯಾಡ ಕಣೋ. ನಾವ್ ಹಿಡಿಯೋ ಜನ." ಕಂಕುಳಿಗೆ ಕೈ ಕೊಟ್ಟು ಅವರನ್ನು ಎತ್ತಿ ನಿಲ್ಲಿಸಿದರು.

ಮಂಡಳಿಯ ದಿನ ಪಿಳ್ಳಪ್ಪನ ಕಾರಿನಲ್ಲೇ ಎಲ್ಲರೂ ತುಂಬಿಕೊಂಡು ಹೋದರು. ನಾನು ವರದಿ ಓದಿ ಹೇಳಲು ಹೋಗಿದ್ದೆ. ಮಂಡಳಿಯ ಹಿರಿಯ ಡಾಕ್ಟರು ನರೆಗೂದಲಿನ, ಸಮಾಧಾನದ ಮನುಷ್ಯ. ವರದಿಯನ್ನು ಪೂರ್ತಿ ನೋಡಿ, ಕನ್ನಡಕ ತೆಗೆದಿಟ್ಟು, ತಾವೇ ಎದ್ದು ಬಂದು ಮೇಷ್ಟ್ರ ಹಿಂದೆ ನಿಂತು ಎಳೆದರು. ಮೇಷ್ಟ್ರ ಹಿಮ್ಮಡಿ ಎದ್ದಿತು. ಹೆಜ್ಜೆ ಬೀಳಲಿಲ್ಲ. ಡಾಕ್ಟರು ಹಿಡಿದುಕೊಂಡರು.

"ವರದಿ ಸರಿಯಾಗಿದೆ ಮೇಷ್ಟ್ರೇ. ಹಿಡಿಯದಿದ್ರೆ ಬೀಳ್ತೀರಿ. ಮೈದಾನದಲ್ಲಿ ಹೇಗೆ ಬಿಡೋದು? ಕಚೇರಿಯಲ್ಲಿ ಆರಾಮಾಗಿರಿ ಒಂದು ವರ್ಷ."

ಮೇಷ್ಟ್ರ ದನಿ ಆ ಹೊತ್ತಿಗೆ ತುಂಬಾ ತಗ್ಗಿತ್ತು. ಡಾಕ್ಟರು ಬಗ್ಗಿ ಕೇಳಬೇಕಾಯಿತು.

"ಏನಂತ ಬರೆದಿದೆ ಅಲ್ಲಿ? ಇನ್ನೊಂದ್ ಸಲ ಓದ್ಸಿ."

ನಾನು ಓದಿದೆ. ಹಿಡಿಯದಿದ್ದರೆ ಬೀಳುತ್ತಾರೆ.

"ಹಿಡಿದ್ರೆ?"

ಡಾಕ್ಟರು ನನ್ನ ಮುಖ ನೋಡಿದರು. "ಹಿಡಿದ್ರೆ ಬೀಳಲ್ಲ. ಆದ್ರೆ ದಿನಾ ಹಿಡಿಯೋರು ಯಾರು ಮೇಷ್ಟ್ರೇ? ಮನೆಯೋರು ಮೈದಾನಕ್ಕೆ ಬರ್ತಾರಾ?"

"ಬಾಗ್ಲು ತೆಗಿಯಮ್ಮ" ಎಂದರು ನನಗೆ.

ತೆಗೆದೆ. ಬಿಳಿ ಅಂಗಿಯ ಆ ಗುಂಪು ಬಾಗಿಲಿಗೇ ಕಿವಿಯಿಟ್ಟು ನಿಂತಿದ್ದರಿಂದ ಅರ್ಧ ಜನ ಒಳಕ್ಕೆ ಮುಗ್ಗರಿಸಿದರು. ಅಟೆಂಡರು ತಡೆಯಲು ಬಂದ, ಡಾಕ್ಟರು ಬೇಡವೆಂದು ಕೈ ಮಾಡಿದರು. ಯಾರೂ ಏನೂ ಹೇಳಿಕೊಡಲಿಲ್ಲ. ಪಿಳ್ಳಪ್ಪನೂ ಅವರ ಜೊತೆಯವರೂ ಮೇಷ್ಟ್ರ ಬೆನ್ನ ಹಿಂದೆ ಬಂದು, ಹಳೆಯ ಕಾಲದಲ್ಲಿ ರೇಡರನ್ನು ಹಿಡಿಯಲು ನಿಲ್ಲುತ್ತಿದ್ದ ಹಾಗೆ ಕೈಗೆ ಕೈ ಬೆಸೆದು ಅರ್ಧ ಸುತ್ತಾಗಿ ನಿಂತರು. ಒಬ್ಬರಿಗೆ ಹೊಟ್ಟೆ ಬಂದಿತ್ತು, ಒಬ್ಬರಿಗೆ ಮಂಡಿ ನೋವು. ಹಿಡಿತ ಮಾತ್ರ ಸರಿಯಾಗಿತ್ತು.

"ಎಳೀರಿ ಸಾ" ಎಂದರು ಮೇಷ್ಟ್ರು.

ಹಿರಿಯ ಡಾಕ್ಟರು ಪಕ್ಕದಿಂದ ಭುಜ ಹಿಡಿದು ಜಗ್ಗಿದರು, ಜೋರಾಗಿಯೇ. ಮೇಷ್ಟ್ರು ಹೋಗಿ ಆ ಕೈಗಳ ಮೇಲೆ ಬಿದ್ದರು. ಕೈಗಳು ಅವರನ್ನು ತಂದು ಮತ್ತೆ ನೆಟ್ಟಗೆ ನಿಲ್ಲಿಸಿದವು.

"ಇದು ಪಟ್ಟಿಯಲ್ಲಿ ಇಲ್ವಲ್ಲ ಮೇಷ್ಟ್ರೇ" ಎಂದರು ಡಾಕ್ಟರು.

"ಕಂಡಿದ್ದು ಬರೀರಿ ಸಾ" ಎಂದರು ಮೇಷ್ಟ್ರು.

ಸಹಾಯಕರು ಜೊತೆಗಿರುವ ಷರತ್ತಿನ ಮೇಲೆ ಮೈದಾನದ ಕೆಲಸ ಮುಂದುವರಿಸಬಹುದು ಎಂದು ಮಂಡಳಿ ಬರೆಯಿತು. ಮಾರನೆಯ ದಿನದಿಂದ ಟೀ ಅಂಗಡಿಯ ಬೆಂಚು ಖಾಲಿ. ಬಿಳಿ ಅಂಗಿಯವರು ಸರದಿ ಹಾಕಿಕೊಂಡು ಇಬ್ಬಿಬ್ಬರಾಗಿ ಮೇಷ್ಟ್ರ ಬೆನ್ನ ಹಿಂದೆ ನಿಲ್ಲುತ್ತಿದ್ದರು, ಅವರಿಂದ ಬೈಸಿಕೊಳ್ಳುತ್ತಾ, ಅವರನ್ನು ಬೈಯುತ್ತಾ. ಮೇಷ್ಟ್ರ ಕೈ ನಡುಗಿ ಸುಣ್ಣದ ಗೆರೆ ಸೊಟ್ಟಗಾಗುತ್ತಿತ್ತು, ಮಕ್ಕಳು ಸೊಟ್ಟ ಗೆರೆಯ ಮೇಲೇ ಆಡಿದರು. ಟ್ಯಾಕ್ಸಿಗಳು ಆಚೆಯೇ ನಿಂತವು. ಮಳೆಗಾಲ, ಚಳಿಗಾಲ ಕಳೆದು ಬೇಸಿಗೆಯಲ್ಲಿ ನಿವೃತ್ತಿಯ ದಿನ ಬಂದಾಗಲೂ ಅವರು ಮೈದಾನದ ನಡುವೆ ನಿಂತಿದ್ದರು. ಎಳೆಯುವ ಪರೀಕ್ಷೆಯ ಅಂಕ ಮೂರೇ ಇತ್ತು, ನಾನು ತಿದ್ದಲಿಲ್ಲ. ಅವರು ಬೀಳಲಿಲ್ಲ.